ಎದೆಯ ಮೇಲೆ ಅಪ್ಪನ ಹೆಸರು

ಕತ್ತಲಲ್ಲಿ ಕಟುಮ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ, ಕಟುಮ್. ಇಲಿಯಲ್ಲವೆಂದು ಯೆಶಿಗೆ ಗೊತ್ತಿತ್ತು; ಇಲಿ ಇಷ್ಟು ಯೋಚನೆ ಮಾಡಿ ಕಡಿಯುವುದಿಲ್ಲ. ಎದುರು ಗೋಡೆಯ ಪಕ್ಕದ ಮಂಚದ ಮೇಲೆ ತಿರುಂಗೊ ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡು ಕೋಲೋ ತಿನ್ನುತ್ತಿದ್ದಳು. ಹುರಿದ ಜವೆಗೋಧಿ, ನಡುನಡುವೆ ಒಂದೊಂದು ಕಡಲೆ. ಕಡಲೆ ಹಲ್ಲಿಗೆ ಸಿಕ್ಕಾಗ ಸದ್ದು ಬೇರೆ, ಸ್ವಲ್ಪ ದಪ್ಪ. ಇಬ್ಬರೂ ಈ ಕೋಣೆಯನ್ನು ಬಾಡಿಗೆಗೆ ಹಿಡಿದು ಐದು ವರ್ಷವಾಗಿತ್ತು. ಈ ಐದು ವರ್ಷದಲ್ಲಿ ತಿರುಂಗೊ ಒಬ್ಬಳೇ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡವಳಲ್ಲ. ಯಾರೂ ಹಾಕಿಕೊಳ್ಳುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವನಿಗೂ ಮುಷ್ಟಿ ಬಿಚ್ಚಿ ಚಾಚಿ, ಅವನು ನಾಲ್ಕು ಕಾಳು ತೆಗೆದುಕೊಂಡ ಮೇಲೇ ತಮ್ಮ ಬಾಯಿ ತೆರೆಯುವ ಜನ. ಒಬ್ಬನೇ ತಿಂದವನು ಒಬ್ಬನೇ ಸಾಯುತ್ತಾನೆ ಎಂದು ಯೆಶಿಯ ಅಜ್ಜಿ ಹೇಳುತ್ತಿದ್ದಳು. ಈಗ ತಿರುಂಗೊ ಸಾಯಲು ತಯಾರಾಗಿ ಮಲಗಿದ್ದಾಳೆ, ಆದರೆ ತನಗೆ ಒಂದು ಕಾಳು ಕೊಡಲು ತಯಾರಿಲ್ಲ. ಯೆಶಿಗೆ ಈ ಯೋಚನೆಗೆ ನಗು ಬಂತು, ನಕ್ಕರೆ ಕೇಳಿಸೀತೆಂದು ದಿಂಬನ್ನು ಕಚ್ಚಿದಳು. ಅವಳಿಗೆ ಗೊತ್ತಾಗಿಬಿಟ್ಟಿದೆ. ನಾನು ಏನು ಮಾಡಿದೆನೋ ಅದು ಅವಳಿಗೆ ಗೊತ್ತಾಗಿಬಿಟ್ಟಿದೆ.

ಮಾಡಿದ್ದು ಏನು? ಗೆದ್ದಿದ್ದಳು, ಅಷ್ಟೇ. ಹೋದ ಭಾನುವಾರ, ಸ್ಪೇನಿನ ಕಡಲತೀರದ ಊರೊಂದರಲ್ಲಿ, ಇಪ್ಪತ್ತೊಂದು ಕಿಲೋಮೀಟರಿನ ಓಟವನ್ನು ಒಂದು ಗಂಟೆ ಆರು ನಿಮಿಷ ನಲವತ್ತೊಂದು ಸೆಕೆಂಡಿನಲ್ಲಿ ಮುಗಿಸಿದ್ದಳು. ಋತು ಈಗತಾನೇ ಶುರುವಾಗಿದೆ. ಇದುವರೆಗೆ ಲೋಕದಲ್ಲಿ ಯಾವ ಹೆಂಗಸೂ ಈ ವರ್ಷ ಅಷ್ಟು ಬೇಗ ಓಡಿರಲಿಲ್ಲ. ಯೆಶಿಹರೆಗ್ ಎಂಬವಳೊಬ್ಬಳು ಇದ್ದಾಳೆಂದು ಅದಕ್ಕೆ ಮೊದಲು ಲೋಕಕ್ಕೆ ಗೊತ್ತಿರಲಿಲ್ಲ. ತಿರುಂಗೊಳ ಬೆನ್ನ ಹಿಂದೆ ಓಡುವವಳು ಎಂದಷ್ಟೇ ತಮ್ಮ ರಾಜಧಾನಿ ಅಡಿಸ್ ಅಬಾಬದವರಿಗೂ ಗೊತ್ತಿತ್ತು. ಕೋಚ್ ಗೊಶು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು: ಹತ್ತೊಂಬತ್ತನೆಯ ಕಿಲೋಮೀಟರಿನವರೆಗೆ ಒಟ್ಟಿಗಿರಿ, ಕಿಲೋಮೀಟರಿಗೊಮ್ಮೆ ಮುಂದಿರುವವಳು ಹಿಂದೆ ಬರಲಿ, ಹಿಂದಿರುವವಳು ಮುಂದೆ ಹೋಗಿ ಗಾಳಿ ತಿನ್ನಲಿ, ಆಮೇಲೆ ನಿಮ್ಮ ನಿಮ್ಮ ಕಾಲು ನಿಮ್ಮ ನಿಮ್ಮ ದೇವರು. ಹದಿನೇಳನೆಯದರ ಹತ್ತಿರ ಒಂದು ಚೌಕ. ಬ್ಯಾಂಡಿನವರು, ಮಕ್ಕಳನ್ನು ಹೆಗಲ ಮೇಲೆ ಹೊತ್ತ ಗಂಡಸರು, ತಟ್ಟೆ ಬಡಿಯುವ ಮುದುಕಿಯರು. ತಿರುಂಗೊ ಮುಂದೆ, ಯೆಶಿ ಅವಳ ಹಿಮ್ಮಡಿಯನ್ನೇ ನೋಡುತ್ತ ಹಿಂದೆ. ಆ ಹಿಮ್ಮಡಿ ಅವಳಿಗೆ ತನ್ನ ಅಂಗೈಗಿಂತ ಚೆನ್ನಾಗಿ ಗೊತ್ತು. ಕಾಡಿನಲ್ಲಿ ಸಾಲಾಗಿ ಓಡುವಾಗ ಮುಂದಿನವರ ಹೆಜ್ಜೆ ಬಿದ್ದಲ್ಲೇ ತನ್ನ ಹೆಜ್ಜೆ ಇಡಬೇಕು, ಅದೇ ಪಾಠ. ಐದು ವರ್ಷ ಅವಳು ಇಟ್ಟಿದ್ದು ತಿರುಂಗೊಳ ಹೆಜ್ಜೆಗಳನ್ನೇ. ಚೌಕದ ಜನ ಒಟ್ಟಿಗೆ ಕೂಗಿದರು: ಬೆಲಾಚೆವ್! ಬೆಲಾಚೆವ್! ತಿರುಂಗೊಳ ತಲೆ ಬಲಕ್ಕೆ ಹೊರಳಿತು, ಮತ್ತೆ ಹಿಂದಕ್ಕೆ, ಹೆಜ್ಜೆ ತಡವರಿಸಿತು. ಯೆಶಿಯ ಕಾಲು ನಿಲ್ಲಲಿಲ್ಲ. ಹದಿನೇಳು ಮುಗಿದರೆ ಸರದಿ ಯೆಶಿಯದೇ, ಮುಂದೆ ಹೋದದ್ದರಲ್ಲಿ ತಪ್ಪಿರಲಿಲ್ಲ. ಆದರೆ ಮುಂದೆ ಹೋದವಳು ಕಾಯಲಿಲ್ಲ. ತಿರುಗಿ ನೋಡಲಿಲ್ಲ. ಓಡಿಹೋದಳು. ತಿರುಂಗೊ ಏಳನೆಯವಳಾಗಿ ಬಂದಳು.

ಬೆಲಾಚೆವ್ ಎನ್ನುವುದು ಯೆಶಿಯ ಅಪ್ಪನ ಹೆಸರು. ತಿರುಂಗೊಳ ಅಪ್ಪನದೂ ಅದೇ. ಅದರಲ್ಲಿ ವಿಶೇಷವೇನಿಲ್ಲ, ಕಲ್ಲೆಸೆದರೆ ಒಬ್ಬ ಬೆಲಾಚೆವ್‌ಗೆ ತಾಗುತ್ತದೆ. ‘ಬಡಿ ಅವರನ್ನ’ ಎಂದು ಅದರ ಅರ್ಥ, ಮಗ ಹುಟ್ಟಿದ ಸಡಗರದಲ್ಲಿ ತಂದೆಯರು ಇಡುವ ಹೆಸರು. ಆದರೆ ಫರಂಗಿಯವರಿಗೆ ಕೊನೆಯಲ್ಲಿ ಬರುವುದು ಮನೆತನದ ಹೆಸರು. ತನ್ನ ಹೆಸರು, ಅಪ್ಪನ ಹೆಸರು, ಅಲ್ಲಿಗೆ ಮುಗಿಯಿತು, ಮನೆತನಕ್ಕೆ ಹೆಸರಿಲ್ಲ ಎಂದರೆ ಅವರು ನಂಬುವುದಿಲ್ಲ. ಓಟದ ಹಿಂದಿನ ದಿನ ಎದೆಗೆ ಚುಚ್ಚಿಕೊಳ್ಳುವ ಚೀಟಿ ಕೊಟ್ಟಾಗ ಎರಡರ ಮೇಲೂ ದಪ್ಪ ಅಕ್ಷರದಲ್ಲಿ ಬೆಲಾಚೆವ್ ಎಂದೇ ಇತ್ತು. ಕೊಟ್ಟ ಹುಡುಗಿ ಇಬ್ಬರ ಮುಖವನ್ನೂ ನೋಡಿ, ಅಕ್ಕತಂಗಿಯರೇ ಎಂದು ಕೈಸನ್ನೆಯಲ್ಲಿ ಕೇಳಿದಳು. ಹೌದೆಂದು ತಲೆಯಾಡಿಸಿದರು. ಹೋಟೆಲಿನ ಕೋಣೆಯಲ್ಲಿ ಆ ಚೀಟಿಯನ್ನು ಅಂಗಿಗೆ ಚುಚ್ಚಿಕೊಂಡು ಕನ್ನಡಿಯ ಮುಂದೆ ನಿಂತು ಹೊಟ್ಟೆ ಹಿಡಿದು ನಕ್ಕಿದ್ದರು. "ನಮ್ಮಪ್ಪ ಜನ್ಮದಲ್ಲಿ ಬಸ್ಸಿಗೂ ಓಡಿದೋನಲ್ಲ ಕಣೇ," ಎಂದಿದ್ದಳು ಯೆಶಿ, "ಈಗ ನೋಡು, ಇಪ್ಪತ್ತೊಂದು ಕಿಲೋಮೀಟರು." ತಿರುಂಗೊ ನಗುವುದನ್ನು ಯಾವಾಗ ನಿಲ್ಲಿಸಿದ್ದಳು? ಯೆಶಿ ಈಗ ಕತ್ತಲಲ್ಲಿ ಆ ಕನ್ನಡಿಯನ್ನು ಮತ್ತೆ ಮತ್ತೆ ನೋಡಿದಳು. ತನಗಿಂತ ಮುಂಚೆಯೇ ನಿಲ್ಲಿಸಿದ್ದಳು ಅನ್ನಿಸಿತು. ಅನ್ನಿಸಿದ್ದು ನಿಜವೋ, ಈಗ ಹುಟ್ಟಿಸಿಕೊಂಡಿದ್ದೋ.

ಅವಳನ್ನು ಕೊರೆಯುತ್ತಿದ್ದುದು ಇದು: ಚೌಕದ ಜನ ಕರೆದದ್ದು ಮುಂದಿದ್ದವಳನ್ನು. ಓಗೊಟ್ಟದ್ದು ಹಿಂದಿದ್ದವಳು. ಇನ್ನೊಬ್ಬಳಿಗೆ ಬಂದ ಕರೆಯನ್ನು ತಾನು ಎತ್ತಿಕೊಂಡು ಓಡಿದಳು. ತಿರುಂಗೊ ತಲೆ ತಿರುಗಿಸಿದ್ದು ಬಹುಶಃ ‘ನಿನ್ನ ಸರದಿ, ಬಾ, ನನ್ನನ್ನೂ ಎಳೆದುಕೋ’ ಎಂದು ಹೇಳಲಿಕ್ಕೆ. ತಾನು ಅವಳ ಮುಖವನ್ನೇ ನೋಡಲಿಲ್ಲ. ನೋಡಲು ಪುರುಸೊತ್ತೆಲ್ಲಿತ್ತು, ಕಿವಿಯ ತುಂಬ ಅಪ್ಪನ ಹೆಸರಿತ್ತು. ನಾಳೆ ಶನಿವಾರ. ಕೋಚ್ ಇಡೀ ಗುಂಪಿನ ಮುಂದೆ ಓಡಿ ಬಂದವರನ್ನು ನಿಲ್ಲಿಸಿ ಕೇಳುತ್ತಾರೆ, ಆಮೇಲೆ ಫಾಸಿಕಾ ಎಂಬ ಈಸ್ಟರ್ ಹಬ್ಬ ಕಳೆದ ಮೇಲಿನ ದೊಡ್ಡ ಓಟಕ್ಕೆ ಇಬ್ಬರ ಹೆಸರು ಹೇಳುತ್ತಾರೆ. ಒಂದು ಹೆಸರು ತನ್ನದು, ಅದು ಊರಿಗೆಲ್ಲ ಗೊತ್ತು. ಇನ್ನೊಂದು ಭಾನುವಾರದವರೆಗೆ ತಿರುಂಗೊಳದಾಗಿತ್ತು.

ಕಟುಮ್.

ಬೆಳಕು ಹರಿಯುವ ಮುಂಚಿನ ಬಸ್ಸಿನಲ್ಲಿ ಯೆಶಿಗೆ ಕೂರಲು ಜಾಗ ಕೊಟ್ಟರು. ಇದುವರೆಗೆ ಕೊಟ್ಟಿರಲಿಲ್ಲ. ಗುಂಪಿನ ಹುಡುಗರಲ್ಲಿ ಬಾಯಿಬಡುಕನಾದ ಲಾಕೆ ತಾನೇ ಎದ್ದು ನಿಂತು, ತೋಳಿನಿಂದ ಸೀಟನ್ನು ಒರೆಸಿ, "ಬನ್ನಿ ಮಹಾರಾಣಿ, ಲೋಕ ಗೆದ್ದ ಕಾಲುಗಳು ನಿಂತ್ಕೋಬಾರದು," ಎಂದ. "ಸುಮ್ನೆ ಇರೋ ಲಾಕೆ." "ನಾನು ಸುಮ್ನೇ ಇದೀನಿ, ಊರೇ ಮಾತಾಡ್ತಿರೋದು. ಅಲ್ಲಾ, ಅಲ್ಲಿ ಏನು ತಿಂದೆ ಹೇಳು, ನಮಗೂ ಹೇಳು. ಮೀನಾ?" "ನಿನ್ನ ತಲೆ." "ಹಂಗಾದ್ರೆ ಪೂರ್ತಿ ತಿಂದಿಲ್ಲ, ಇನ್ನೂ ಇದೆ ನೋಡು." ಬಸ್ಸು ನಕ್ಕಿತು. ತಿರುಂಗೊ ಮುಂದಿನ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಿದ್ದಳು, ಅವಳೂ ನಕ್ಕಳೇ ಎಂದು ಯೆಶಿ ಕಿಟಕಿಯ ಗಾಜಿನಲ್ಲಿ ಹುಡುಕಿದಳು. ಗಾಜಿನಲ್ಲಿ ಲಾಕೆಯ ಟೋಪಿ ಮಾತ್ರ ಕಂಡಿತು. ಗೆದ್ದ ಸಂತೋಷ ಎನ್ನುವುದು ಹೊಸ ಚಪ್ಪಲಿಯ ಹಾಗೆ. ಎಲ್ಲರೂ ನೋಡುತ್ತಾರೆ, ಎಲ್ಲಿ ಕಚ್ಚುತ್ತದೆ ಅಂತ ಹಾಕಿಕೊಂಡವಳಿಗೇ ಗೊತ್ತು. ಆದರೂ ಸಂತೋಷವೇ. ಅದನ್ನು ಇಲ್ಲ ಎನ್ನಲು ಅವಳಿಂದಾಗಲಿಲ್ಲ. ಸೋಮವಾರ ಅಪ್ಪ ಫೋನು ಮಾಡಿದ್ದ, ಶಾಲೆಯ ಹೆಡ್‌ಮೇಷ್ಟರ ಫೋನಿನಿಂದ. "ಯೆಶಿ, ಟೀವಿಯಲ್ಲಿ ನನ್ನ ಹೆಸರು ಬಂತಂತಲ್ಲ, ನಾನು ಗೆದ್ದೆನಂತೆ?" "ಹೂಂ ಅಪ್ಪ, ನೀನೇ ಗೆದ್ದದ್ದು." "ಎಷ್ಟು ಹೊತ್ತಲ್ಲಿ ಗೆದ್ದೆ?" "ಒಂದು ಗಂಟೆ ಆರು ನಿಮಿಷ." "ಅಯ್ಯೋ, ಅಷ್ಟು ಹೊತ್ತು ಓಡಿದ್ನಾ? ಅದಕ್ಕೇ ಬೆಳಗ್ಗಿಂದ ಮಂಡಿ ನೋವು." ಆಚೆ ಕಡೆ ಹೆಡ್‌ಮೇಷ್ಟರು ನಕ್ಕದ್ದು ಕೇಳಿಸಿತ್ತು.

ಮೂವತ್ತು ವರ್ಷದಿಂದ ಅಪ್ಪ ಆ ಶಾಲೆಯ ಕಾವಲುಗಾರ. ಮಕ್ಕಳು ಕಾವಲಜ್ಜ ಎನ್ನುತ್ತಿದ್ದರು, ಮೇಷ್ಟರುಗಳು ತಡವಾಗಿ ಬಂದಾಗ ಹೊರಗಿನಿಂದಲೇ "ಏಯ್ ಗೇಟು!" ಎಂದು ಕೂಗುತ್ತಿದ್ದರು. ಗೇಟು ತೆರೆಯುತ್ತಿತ್ತು. ಬೆಲಾಚೆವ್ ಎಂದು ಯಾರೂ ಕೂಗಿದ್ದನ್ನು ಯೆಶಿ ಕೇಳಿರಲಿಲ್ಲ. ಅಮ್ಮ ಕೂಡ ‘ಇವರೇ’ ಎನ್ನುತ್ತಿದ್ದಳು. ಏಳನೆಯ ತರಗತಿಯಲ್ಲಿದ್ದಾಗ ಒಂದು ದಿನ ಗಣಿತದ ಮೇಷ್ಟರು ಕಿಟಕಿಯಿಂದ "ಏಯ್ ಗೇಟು, ಮಲಗಿದ್ಯಾ, ಸತ್ತಿದ್ಯಾ?" ಎಂದಾಗ ಹುಡುಗಿಯರೆಲ್ಲ ನಕ್ಕರು, ಯೆಶಿಯೂ ನಕ್ಕಳು. ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ. ಅಪ್ಪ ಗೇಟಿನಿಂದ ಕೈಯೆತ್ತಿದ, ಮೇಷ್ಟರಿಗೋ ಅವಳಿಗೋ ತಿಳಿಯಲಿಲ್ಲ. ಓದು ಮುಗಿಸಿ, ಟೀಚರ್ ಕಾಲೇಜಿನ ಪರೀಕ್ಷೆ ಪಾಸು ಮಾಡಿ, ಮಾತನ್ನು ತೂಗಿ ಆಡುವ ಹೆಂಗಸೆನಿಸಿಕೊಂಡ ಮೇಲೂ ಆ ನಗು ಅವಳ ಕಿವಿಯಲ್ಲಿ ಉಳಿದಿತ್ತು. ಆಮೇಲೆ ಆ ಚೌಕ. ಸಾವಿರ ಜನ, ತಟ್ಟೆ, ತುತ್ತೂರಿ, ವಕ್ರ ನಾಲಿಗೆಯಲ್ಲಿ ಬೆಲಾಚೆವ್, ಬೆಲಾಚೆವ್. ಗೇಟನ್ನಲ್ಲ, ಮನುಷ್ಯನನ್ನು ಕರೆಯುತ್ತಿದ್ದರು. ಅವಳಿಗೆ ಎದೆಯೊಳಗಿನಿಂದ ನಗು ಉಕ್ಕಿತು, ಓಡುತ್ತಿದ್ದವಳು ಬಾಯಿ ತೆರೆದು ನಕ್ಕಳು, ಕಾಲುಗಳು ತಮ್ಮ ಪಾಡಿಗೆ ಹೋದವು. ಅಷ್ಟೇ ಗುಟ್ಟು. ಮೀನಲ್ಲ.

ಕಾಡಿನಲ್ಲಿ ನೀಲಗಿರಿ ಎಲೆಗಳ ಮೇಲೆ ಮಂಜು ಕೂತಿತ್ತು. ಮೂವತ್ತು ಜನ ಸಾಲಾಗಿ, ಮರಗಳ ನಡುವೆ ಹಾವಿನ ಹಾಗೆ ಹೊರಳುತ್ತ, ಎಂಬತ್ತು ನಿಮಿಷ. ಸಾಲಿನ ಮುಂದೆ ಯಾರಿರಬೇಕೆಂದು ಕೋಚ್ ಹೇಳುತ್ತಾರೆ, ಇವತ್ತು ಯೆಶಿ ಎಂದರು. ಅವಳಿಗೆ ಮುಂದೆ ನೋಡಲು ಯಾರ ಹಿಮ್ಮಡಿಯೂ ಇರಲಿಲ್ಲ. ನೆಲವೇ ಇತ್ತು, ಬೇರು, ಕಲ್ಲು, ಕತ್ತೆಕಿರುಬದ ಬಿಳಿ ಲದ್ದಿ. ಅವಳು ಕಲ್ಲು ಕಂಡಲ್ಲೆಲ್ಲ ಬೆರಳಿನಿಂದ ತೋರಿಸುತ್ತ ಹೋದಳು, ಹಿಂದಿನವರು ಹಿಂದಿನವರಿಗೆ ತೋರಿಸಿದರು. ತನ್ನ ಹೆಜ್ಜೆ ಬಿದ್ದಲ್ಲೆಲ್ಲ ಈಗ ತಿರುಂಗೊಳ ಹೆಜ್ಜೆ ಬೀಳುತ್ತಿದೆ. ಅವಳ ಉಸಿರು ಬೆನ್ನಿಗೆ ತಾಗುವಷ್ಟು ಹತ್ತಿರ. ಉಸಿರಿನಲ್ಲಿ ಕೋಪವಿದೆಯೇ ಎಂದು ಯೆಶಿ ಕಿವಿಗೊಟ್ಟಳು. ಉಸಿರಿನಲ್ಲಿ ಉಸಿರು ಮಾತ್ರ ಇತ್ತು.

ಓಟ ಮುಗಿದ ಮೇಲೆ ಉಳಿದವರು ಬಯಲಿನಲ್ಲಿ ಕಾಲು ಚಾಚಿ ಕೂತರು. ಯೆಶಿ, ತಿರುಂಗೊ ಇಬ್ಬರೂ ಕೈಕಾಲು ತೊಳೆಯಲು ತಗ್ಗಿನ ತೊರೆಗೆ ಇಳಿದರು. ನೀರು ಕೊರೆಯುತ್ತಿತ್ತು. ಯೆಶಿ ಸ್ಪೇನಿನಿಂದ ಮರಳಿದ ಮೇಲಿನ ಮೂರು ರಾತ್ರಿ ಜೋಡಿಸಿಟ್ಟುಕೊಂಡ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡಳು. ‘ನಾನು ಕಾಯಬೇಕಾಗಿತ್ತು’ ಎಂದು ಶುರುಮಾಡಬೇಕೆಂದಿದ್ದಳು, ಬಾಯಿಗೆ ಬಂದದ್ದು ಬೇರೆ.

"ರಾತ್ರಿಯೆಲ್ಲ ಒಬ್ಳೇ ತಿಂತೀಯಲ್ಲೇ. ನನಗೇನು ಹಲ್ಲಿಲ್ವಾ?"

ತಿರುಂಗೊ ಮುಖ ಎತ್ತಿದಳು. ಅವಳ ಕಿವಿ ಕೆಂಪಾಯಿತು. "ನೀನು ಮಲಗಿದ್ದೆ ಅಂದ್ಕೊಂಡೆ."

"ಮೂರು ರಾತ್ರೀನೂ?"

"ನಿದ್ದೆ ಬರಲ್ಲ ಕಣೇ. ಬಾಯಾಡಿಸಿದ್ರೆ ತಲೆ ಓಡೋದು ನಿಲ್ಲತ್ತೆ. ನಿನ್ನನ್ನ ಎಬ್ಬಿಸಿ ಕೊಟ್ರೆ ಮಾತಾಡ್ಬೇಕಾಗತ್ತೆ."

"ನನ್ನ ಮೇಲೆ ಕೋಪಾನಾ?"

"ನಿನ್ನ ಮೇಲೆ ಯಾಕೆ?"

"ನಾನು ಕಾಯ್ಲಿಲ್ಲ. ನಿನ್ನನ್ನ ಕರೆದ್ರು, ನಾನು ಹೋದೆ."

ತಿರುಂಗೊ ತಟ್ಟನೆ ನಕ್ಕಳು, ನಕ್ಕ ರಭಸಕ್ಕೆ ಒಂದು ಕಾಲು ತೊರೆಗೆ ಜಾರಿತು. "ಹುಚ್ಚಿ! ನನ್ನನ್ನ ಕರೆದ್ರು ಅಂತ ನಾನು ಅಂದ್ಕೊಂಡಿದ್ರೆ ಇನ್ನೇನು ಬೇಕಿತ್ತು." ಒದ್ದೆಯಾದ ಬೂಟನ್ನು ಬಿಚ್ಚಿ ನೀರು ಸುರಿದಳು. ಬೂಟಿನೊಳಗೆ ನೋಡುತ್ತಲೇ ಮಾತಾಡಿದಳು. "ನಮ್ಮ ಬೀದೀಲಿ ಬೆಲಾಚೆವ್ ಅಂತ ಕೂಗಿದ್ರೆ ಒಂದೇ ಅರ್ಥ. ಸಾರಾಯಿ ಮನೆ ಮುಂದೆ ಬಿದ್ದಿದಾನೆ, ಮನೆಯೋರು ಬಂದು ಎತ್ಕೊಂಡು ಹೋಗಿ. ಮನೆಯೋರು ಅಂದ್ರೆ ನಾನೇ. ಆರು ವರ್ಷದವಳಿಂದ. ಕೂಗಿದ ಕೂಡ್ಲೇ ಎಲ್ಲಿ, ಯಾವ ಮೋರಿ ಅಂತ ಕತ್ತು ತಾನೇ ತಿರುಗತ್ತೆ. ಅಲ್ಲೂ ತಿರುಗಿತು. ಸ್ಪೇನಲ್ಲಿ, ಸಮುದ್ರದ ಪಕ್ಕ, ನಮ್ಮಪ್ಪನ್ನ ಹುಡುಕಿದೆ ಕಣೇ. ಕಾಲಲ್ಲಿದ್ದ ಬಲ ಎಲ್ಲ ಅಲ್ಲೇ ಸೋರಿಹೋಯ್ತು." ಬೂಟನ್ನು ಕಲ್ಲಿಗೆ ಬಡಿದಳು. "ಯಾರಿಗೂ ಹೇಳ್ಬೇಡ. ಆ ಲಾಕೆಗೆ ಗೊತ್ತಾದ್ರೆ ದಿನಾ ಬಸ್ಸಲ್ಲಿ ಬೆಲಾಚೆವ್ ಅಂತ ಕೂಗ್ತಾನೆ."

ಯೆಶಿಗೆ ಮೊದಲು ಬಂದದ್ದು ನೆಮ್ಮದಿ, ನಾಚಿಕೆಯಾಗುವಷ್ಟು ನೆಮ್ಮದಿ. ತಾನು ಯಾರ ಕರೆಯನ್ನೂ ಕದ್ದಿರಲಿಲ್ಲ. ಒಂದೇ ಕೂಗು, ಒಬ್ಬಳಿಗೆ ರೆಕ್ಕೆಯಾಯಿತು, ಇನ್ನೊಬ್ಬಳಿಗೆ ಮೋರಿಯಾಯಿತು. ತನ್ನ ಕಡೆಯದನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದಳು, ‘ನನಗೆ ಆ ಹೆಸರು ಕೇಳಿ ಎಷ್ಟು ಖುಷಿಯಾಯ್ತು ಗೊತ್ತಾ’ ಎಂದು. ಒದ್ದೆ ಕಾಲುಚೀಲ ಹಿಂಡುತ್ತಿದ್ದ ತಿರುಂಗೊಳ ಕೈಗಳನ್ನು ನೋಡಿ ಮುಚ್ಚಿಕೊಂಡಳು.

ಬಯಲಿನಲ್ಲಿ ಕೋಚ್ ಗೊಶು ಕೊಡೆಯನ್ನು ನೆಲಕ್ಕೆ ಊರಿ ನಿಂತಿದ್ದರು. ಮಳೆಯಿರಲಿ ಬಿಡಲಿ, ಹಳೆಯ ಮಂಡಿಗೆ ಆ ಕೊಡೆ ಬೇಕು. ಇನ್ನೊಂದು ಕೈಯಲ್ಲಿ ಫೋನು. ಗುಂಪು ಅರ್ಧ ವೃತ್ತವಾಗಿ ಕೂತಿತು. ಯೆಶಿಯನ್ನು ಎಬ್ಬಿಸಿ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಆಮೇಲೆ ಫೋನನ್ನು ಎತ್ತಿ ಹಿಡಿದರು. ಚೌಕ ಕಾಣಿಸಿತು, ಅಂಗೈಯಷ್ಟು ಪುಟ್ಟದಾಗಿ. ಪುಟ್ಟ ತಿರುಂಗೊ ಕತ್ತು ಹೊರಳಿಸಿದಳು, ಮತ್ತೆ ಹೊರಳಿಸಿದಳು. ಕೋಚ್ ಅಲ್ಲಿಗೆ ನಿಲ್ಲಿಸಿದರು.

"ಎದ್ದೇಳಮ್ಮ. ನಾನು ನಿಮಗೆಲ್ಲ ಏನು ಹೇಳ್ಕೊಟ್ಟಿದೀನಿ? ಓಡ್ತಾ ಹಿಂದೆ ನೋಡೋರು ಯಾರು?"

"ಕಳ್ಳರು," ಎಂದಿತು ಗುಂಪು.

"ಹಿಂದೆ ಏನಿತ್ತು ತಿರುಂಗೊ? ಯಾರನ್ನ ನೋಡ್ದೆ?"

ತಿರುಂಗೊ ಕೊಡೆಯ ತುದಿಯನ್ನು ನೋಡುತ್ತಿದ್ದಳು. "ಸುಮ್ನೆ ನೋಡ್ದೆ, ಕೋಚ್."

"ಸುಮ್ನೆ ಯಾರೂ ಹಿಂದೆ ನೋಡಲ್ಲ. ಕಾಲು ಮುಗಿದೋರು ನೋಡ್ತಾರೆ. ಭಯ ಬಿದ್ದೋರು ನೋಡ್ತಾರೆ. ನಿನಗೆ ಇದರಲ್ಲಿ ಯಾವುದು? ಕಾಲು ಮುಗಿದಿದ್ರೆ ವಿಶ್ರಾಂತಿ ತಗೋ, ತಪ್ಪಿಲ್ಲ. ಆ ಓಟಕ್ಕೆ ಬೇರೆಯವರನ್ನ ಕಳಿಸ್ತೀನಿ. ಹೇಳು."

ಯಾರೋ ಕೆಮ್ಮಿದರು. ಲಾಕೆ ಟೋಪಿಯನ್ನು ಕಣ್ಣಿಗೆಳೆದುಕೊಂಡ. ಯೆಶಿ ತಿರುಂಗೊಳನ್ನು ನೋಡಿದಳು. ಅವಳು ಹೇಳುವುದಿಲ್ಲ. ಮೂವತ್ತು ಜನರ ಮುಂದೆ ಆ ಮೋರಿಯನ್ನು ತೆರೆದು ತೋರಿಸುವ ಬದಲು ಜಾಗ ಬಿಟ್ಟುಕೊಡುತ್ತಾಳೆ. ಯೆಶಿ ಮಾತನ್ನು ತೂಗುವವಳು. ಅಂಗಡಿಯವನಿಗೆ ‘ಬೇಡ’ ಎನ್ನಲೂ ಎರಡು ಸಲ ಯೋಚಿಸುವವಳು. ತನ್ನ ದನಿ ತನಗೇ ಕೇಳಿಸಿದಾಗ ಅವಳಿನ್ನೂ ಯೋಚಿಸುತ್ತಲೇ ಇದ್ದಳು.

"ನಾನು ಕರೆದೆ, ಕೋಚ್."

"ಏನು?"

"ಹಿಂದಿನಿಂದ ನಾನು ಕರೆದೆ. ತಿರುಂಗೊ, ನನ್ನ ಸರದಿ ಅಂತ. ಅದಕ್ಕೇ ಅವಳು ತಿರುಗಿದ್ದು."

ಕೋಚ್ ಫೋನನ್ನು ಮೂಗಿನ ಹತ್ತಿರ ಹಿಡಿದರು. ಚಿತ್ರವನ್ನು ಹಿಂದಕ್ಕೆ ಓಡಿಸಿದರು, ಮುಂದಕ್ಕೆ ಓಡಿಸಿದರು. "ಹೌದು," ಎಂದರು ಕೊನೆಗೆ, "ಬಾಯಿ ತೆಗೆದಿದೀಯ. ನಾನು ಉಸಿರಿಗೆ ಅಂದ್ಕೊಂಡಿದ್ದೆ." ಫೋನನ್ನು ಜೇಬಿಗಿಟ್ಟರು. "ಅಲ್ಲಮ್ಮ, ಪಕ್ಕಕ್ಕೆ ಬಂದು ನಿಂತಿದ್ರೆ ಅವಳಿಗೆ ಗೊತ್ತಾಗ್ತಿರ್ಲಿಲ್ವಾ? ಸಂತೇಲಿ ಈರುಳ್ಳಿ ಮಾರೋ ಹಾಗೆ ಕೂಗ್ಬೇಕಿತ್ತಾ? ಕೂಗಿ, ಅವಳ ಹೆಜ್ಜೆ ಮುರಿದು, ಕಾಯದೆ ಓಡಿಹೋದೆ. ಅರವತ್ತಾರು ನಲವತ್ತೊಂದು! ಅರ್ಧ ಕಾಲಿಂದ, ಅರ್ಧ ಬಾಯಿಂದ."

ಗುಂಪು ಹೋ ಎಂದಿತು. "ಬಾಯಿಗೂ ಒಂದು ಪದಕ ಕೊಡಿ ಕೋಚ್," ಎಂದ ಲಾಕೆ, ತಡೆದಿಟ್ಟುಕೊಂಡದ್ದನ್ನೆಲ್ಲ ಸೇರಿಸಿ. ಯೆಶಿ ತಲೆ ತಗ್ಗಿಸಿ ನಿಂತಳು. ಇನ್ನು ವರ್ಷವಿಡೀ ಬಸ್ಸಿನಲ್ಲಿ ಇದೇ ಮಾತು, ಅವಳಿಗೆ ಗೊತ್ತಿತ್ತು. ಬದುಕಿನ ಒಂದೇ ಒಂದು ದೊಡ್ಡ ಗೆಲುವಿಗೆ ತಾನೇ ತನ್ನ ಕೈಯಾರೆ ಮಸಿ ಬಳಿದುಕೊಂಡಿದ್ದಳು. ವಿಚಿತ್ರವೆಂದರೆ ಓಟದ ದಿನದಿಂದ ಹೊತ್ತಿದ್ದ ಭಾರ ಈಗ ಇರಲಿಲ್ಲ. ಸತ್ಯ ಪೂರ್ತಿ ಇಳಿಸದ್ದನ್ನು ಸುಳ್ಳು ಇಳಿಸಿತ್ತು, ಅದೂ ಅವಳಂಥವಳಿಗೆ. ಕೋಚ್ ಒಂದು ತಿಂಗಳು ಸಾಲಿನ ಕೊನೆಯಲ್ಲಿ ಓಡು ಎಂದು ಯೆಶಿಗೆ ಶಿಕ್ಷೆ ಹಾಕಿದರು. ಆಮೇಲೆ ದೊಡ್ಡ ಓಟಕ್ಕೆ ಇಬ್ಬರ ಹೆಸರು ಹೇಳಿದರು. ಎರಡನೆಯದು ತಿರುಂಗೊ. "ಅಲ್ಲಿ ಇಬ್ಬರೂ ಬಾಯಿ ಹೊಲ್ಕೊಂಡು ಓಡಿ," ಎಂದರು.

ಹಿಂತಿರುಗುವ ಬಸ್ಸಿನಲ್ಲಿ ಯಾರೂ ಯೆಶಿಗೆ ಸೀಟು ಬಿಡಲಿಲ್ಲ. ಕಂಬಿಗೆ ಜೋತುಬಿದ್ದಿದ್ದ ಅವಳ ಪಕ್ಕಕ್ಕೆ ತಿರುಂಗೊ ಜನರನ್ನು ತಳ್ಳಿಕೊಂಡು ಬಂದು ನಿಂತಳು, ತೊಡೆಯನ್ನು ಗಟ್ಟಿಯಾಗಿ ಚಿವುಟಿದಳು. "ಸುಳ್ಳಿ," ಎಂದಳು ಕಿವಿಯಲ್ಲಿ. ಸ್ವಲ್ಪ ದೂರ ಹೋದ ಮೇಲೆ, "ಬಾಯಿ ಯಾಕೆ ತೆಗೆದಿದ್ದೆ ಮತ್ತೆ? ನಿಜ ಹೇಳು."

"ಉಸಿರಿಗೆ."

"ನಗ್ತಿದ್ದ ಹಾಗಿತ್ತಲ್ಲೇ."

"ಓಡುವಾಗ ನನ್ನ ಮುಖ ಇರೋದೇ ಹಾಗೆ. ಬೆನ್ನು ನೋಡಿದವಳು ನಾನು, ಮುಖ ನೀನೆಲ್ಲಿ ನೋಡಿದೀಯ?"

ತಿರುಂಗೊ ಹೌದಲ್ಲ ಎಂಬಂತೆ ನಕ್ಕಳು. ಬಸ್ಸು ಇಳಿಜಾರಿನಲ್ಲಿ ಓಲಾಡಿತು, ಇಬ್ಬರೂ ಮುಂದಿನವರ ಬೆನ್ನಿಗೆ ಬಿದ್ದರು, ಬೈಸಿಕೊಂಡರು.

ಮಧ್ಯಾಹ್ನ ವಠಾರದ ಅಂಗಳದಲ್ಲಿ ಬೂಟು ಒಣಗಹಾಕುತ್ತಿದ್ದಾಗ ಅಪ್ಪನ ಫೋನು ಬಂತು. ಈ ಸಲ ಗುಮಾಸ್ತರ ಫೋನಿನಿಂದ. ಶಾಲೆಯಲ್ಲಿ ಅವನಿಗೆ ಫೋನು ಕೊಡಲು ಈಗ ಪೈಪೋಟಿಯಿತ್ತು. ಗಣಿತದ ಮೇಷ್ಟರು ಬೆಳಗ್ಗೆ ಗೇಟಿನಲ್ಲಿ ಕೈಕುಲುಕಿದರಂತೆ. ಏನಂತ ಕರೆದರು ಎಂದು ಯೆಶಿ ಕೇಳಿದಳು. "ಕರೆಯೋದೇನು ಬಂತು, ಕೈ ಕೊಟ್ರು," ಎಂದ ಅಪ್ಪ. ಆಮೇಲೆ ದನಿ ತಗ್ಗಿಸಿ, ಪಕ್ಕದಲ್ಲಿ ಗುಮಾಸ್ತರಿದ್ದಾರೆಂಬ ಸಂಕೋಚದಿಂದ: "ಅಲ್ಲಾ ಮಗಾ, ಒಂದು ಕೇಳ್ತೀನಿ. ಅಷ್ಟು ಜೋರಾಗಿ ಅದು ಹೆಂಗೆ ಓಡ್ದೆ? ಇಲ್ಲಿ ಎಲ್ಲಾರೂ ನನ್ನ ಕೇಳ್ತಾವ್ರೆ. ನಂಗೇನು ಗೊತ್ತು?"

ಯೆಶಿ ಗೋಡೆಗೆ ಒರಗಿದಳು. ಬಿಸಿಲು ಚೆನ್ನಾಗಿತ್ತು. ಒಂದು ವಾಕ್ಯ ಸಾಕು; ಅದು ನಾಲಿಗೆಯ ತುದಿಯಲ್ಲೇ ಇತ್ತು, ಸಿಹಿಯಾಗಿ. ಆದರೆ ಅಪ್ಪನಿಗೆ ಹೇಳಿದರೆ ಶಾಲೆಯ ಗೇಟಿಗೆ ಹೇಳಿದ ಹಾಗೆ. ಸಂಜೆಯೊಳಗೆ ಊರಿಗೆ ತಿಳಿಯುತ್ತದೆ, ನಾಳೆ ಯಾರದೋ ಫೋನಿನಲ್ಲಿ ಲಾಕೆಗೆ, ನಾಡಿದ್ದು ಕೋಚ್‌ಗೆ. ಹಿಂದಿದ್ದವಳು ಜನರ ಕೂಗಿಗೆ ನಕ್ಕಿದ್ದಳೆಂದು ಗೊತ್ತಾದರೆ, ಮುಂದಿದ್ದವಳು ಆ ಕೂಗಿಗೆ ಏಕೆ ತಿರುಗಿದಳೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳಗೆ ತಿರುಂಗೊ ಈರುಳ್ಳಿ ಹೆಚ್ಚುತ್ತ, ಯೆಶಿಯ ಹೆಸರು ಹಿಡಿದು ಬೇಗ ಬಾರೇ ಎಂದು ಕೂಗುತ್ತಿದ್ದಳು.

"ಕಾಲಿಂದಲೇ ಓಡ್ದೆ ಅಪ್ಪ," ಎಂದಳು. "ಇನ್ನೇನಿಂದ ಓಡ್ತಾರೆ?"

ಅಪ್ಪ ಅದನ್ನು ಗುಮಾಸ್ತರಿಗೆ ಹೇಳಿದ, ಗುಮಾಸ್ತರು ಇನ್ನಾರಿಗೋ ಹೇಳಿದರು, ಆಚೆ ಕಡೆ ಒಂದು ಗುಂಪೇ ನಕ್ಕಿತು. ಅಪ್ಪನ ನಗು ಎಲ್ಲರಿಗಿಂತ ಸ್ವಲ್ಪ ಜೋರಾಗಿತ್ತು. ಯೆಶಿ ಆ ನಗು ಮುಗಿಯುವವರೆಗೆ ಫೋನನ್ನು ಕಿವಿಗೆ ಒತ್ತಿಕೊಂಡಿದ್ದಳು. ಇದನ್ನು ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು, ಇವನಿಗೂ.